ಗ್ರಾಮ ಪಂಚಾಯಿತಿ ಚುನಾವಣೆ: ಮತದಾರರನ್ನು ಮಾತನಾಡಿಸುವ ಬಗೆ

ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಜನರನ್ನು ಮಾತನಾಡಿಸಿ ಅಭ್ಯಾಸವಿರುವ ವರದಿಗಾರರು, ವಿದ್ಯಾರ್ಥಿಗಳು, ಸ್ವಯಂಸೇವಕರು ಗ್ರಾಮ ಪಂಚಾಯಿತಿ ಚುನಾವಣೆಯ ಸಮಯದಲ್ಲಿ ಹಳ್ಳಿಗೆ ಹೋದರೆ ಮೊದಲ ದಿನ ಬಹುತೇಕ ಬರಿಗೈಯಲ್ಲಿ ಮರಳುತ್ತಾರೆ. ಮುಖ್ಯಮಂತ್ರಿಯ ಬಗ್ಗೆ, ಪ್ರಧಾನಿಯ ಬಗ್ಗೆ ಅರ್ಧ ಗಂಟೆ ಮಾತನಾಡಬಲ್ಲ ಮನುಷ್ಯ ತನ್ನದೇ ವಾರ್ಡಿನ ಅಭ್ಯರ್ಥಿಗಳ ವಿಷಯ ಎತ್ತಿದೊಡನೆ "ಎಲ್ರೂ ನಮ್ಮೋರೇ ಅಲ್ವಾ ಸ್ವಾಮಿ" ಎಂದು ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ಎದ್ದುಬಿಡುತ್ತಾನೆ. ಇದು ನುಣುಚಿಕೊಳ್ಳುವ ಮಾತೆಂದು ನಾನೂ ಬಹಳ ಕಾಲ ತಿಳಿದಿದ್ದೆ. ಆದರೆ ಅದು ಅಕ್ಷರಶಃ ನಿಜ. ಕಣದಲ್ಲಿರುವ ಒಬ್ಬ ಅವನ ಷಡ್ಡಕ, ಇನ್ನೊಬ್ಬಾಕೆ ಅವನ ಹೊಲದ ಬದುವಿನಾಚೆಯ ಮನೆಯ ಸೊಸೆ, ಮೂರನೆಯವನಿಂದ ಅವನು ಮಗಳ ಮದುವೆಗೆ ಕೈಸಾಲ ತಂದಿದ್ದಾನೆ. ಎಣಿಕೆ ಮುಗಿದ ಮರುದಿನವೂ ಆ ಮೂವರೊಡನೆ ಅದೇ ಬೀದಿಯಲ್ಲಿ ಅವನು ಬಾಳಬೇಕು.

2010, 2015 ಮತ್ತು 2020ರ ಪಂಚಾಯಿತಿ ಚುನಾವಣೆಗಳಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ಎಡವಿ, ತಿದ್ದಿಕೊಂಡು ಕಲಿತದ್ದನ್ನು ಈ ಕೆಲಸಕ್ಕೆ ಹೊಸದಾಗಿ ಹೊರಡುವವರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಇದರಲ್ಲಿ ಹೆಚ್ಚಿನದೆಲ್ಲ ಒಂದೇ ಮಾತಿನ ವಿಸ್ತರಣೆ: ಪಂಚಾಯಿತಿ ಮತದಾರರ ಬಳಿ ಮತದ ಬಗ್ಗೆ ಕೇಳಬೇಡಿ, ಕೆಲಸದ ಬಗ್ಗೆ ಕೇಳಿ, ಅದರಲ್ಲೂ ಕೊನೆಯ ಬಾರಿ ಆದ, ಅಥವಾ ಆಗದೇ ಹೋದ, ಒಂದು ಕೆಲಸದ ಬಗ್ಗೆ ಕೇಳಿ.

ಹೊರಡುವ ಮುನ್ನ

ಬಸ್ಸು ಹತ್ತುವ ಮೊದಲೇ ಆ ವಾರ್ಡಿನ ಲೆಕ್ಕ ನಿಮ್ಮ ಕೈಯಲ್ಲಿರಬೇಕು. ಸ್ಥೂಲವಾಗಿ 400 ಜನಸಂಖ್ಯೆಗೆ ಒಬ್ಬ ಸದಸ್ಯರೆಂಬುದು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಲೆಕ್ಕವಾದ್ದರಿಂದ, ಒಂದು ಊರಿನಿಂದ ಅಥವಾ ಒಂದು ವಾರ್ಡಿನಿಂದ ಇಬ್ಬರು, ಮೂವರು ಆಯ್ಕೆಯಾಗುವುದು ಸಾಮಾನ್ಯ. ಎಷ್ಟು ಸ್ಥಾನಗಳಿವೆಯೋ ಅಷ್ಟು ಮತಗಳು ಪ್ರತಿ ಮತದಾರರಿಗೂ ಇರುತ್ತವೆ, ಒಬ್ಬ ಅಭ್ಯರ್ಥಿಗೆ ಒಂದೇ ಎಂಬ ಕಟ್ಟಳೆಯೊಂದಿಗೆ. ಹೊರಗಿನಿಂದ ಬಂದವರು ಮರೆಯುವುದು ಇದನ್ನೇ. ಮೂರು ಸ್ಥಾನದ ವಾರ್ಡಿನಲ್ಲಿ "ನಿಮ್ಮ ಓಟು ಯಾರಿಗೆ?" ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ, ಅಲ್ಲಿನ ಮತದಾರ ಒಂದನ್ನು ನೆಂಟಸ್ತಿಕೆಗೆ, ಒಂದನ್ನು ಋಣಕ್ಕೆ, ಉಳಿದೊಂದನ್ನು ಕರೆದಾಗ ಬರುವವರಿಗೆ ಎಂದು ಮನಸ್ಸಿನಲ್ಲೇ ಹಂಚಿಟ್ಟಿರುತ್ತಾನೆ. "ನಿಮ್ಗೂ ಒಂದು ಐತೆ" ಎಂದು ಅವನು ಮೂರು ಅಭ್ಯರ್ಥಿಗಳಿಗೂ ಹೇಳಿದ್ದರೆ ಮೂವರಿಗೂ ಸತ್ಯವನ್ನೇ ಹೇಳಿದ್ದಾನೆ. ಈ ಮೂರನೆಯ ಮತವೇ ನನಗೆ ಯಾವಾಗಲೂ ಹೆಚ್ಚು ಕುತೂಹಲದ್ದು, ಏಕೆಂದರೆ ಊರಿನ ಜನ ಆಡಳಿತವನ್ನು ಹೇಗೆ ಅಳೆಯುತ್ತಾರೆಂಬುದು ಅದರಲ್ಲಿ ಅಡಗಿರುತ್ತದೆ.

ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗೆ ಅವಕಾಶವಿಲ್ಲ. ರಾಜ್ಯ ಚುನಾವಣಾ ಆಯೋಗ ಹಂಚುವ ಆಟೋ, ಹೊಲಿಗೆ ಯಂತ್ರಗಳಂಥ ಮುಕ್ತ ಚಿಹ್ನೆಗಳ ಮೇಲೆ ಎಲ್ಲರೂ ನಿಲ್ಲುತ್ತಾರೆ. ಯಾರು ಯಾವ ಪಕ್ಷದ ಕಡೆಯವರೆಂಬುದು ಊರಿಗೆಲ್ಲ ಗೊತ್ತಿದ್ದರೂ ಮಾತನಾಡುವಾಗ ಜನ ಬಳಸುವುದು ವ್ಯಕ್ತಿಯ ಹೆಸರನ್ನು, ಮನೆತನದ ಹೆಸರನ್ನು. ಆದ್ದರಿಂದ ನೀವಾಗಿ ಪಕ್ಷದ ಹೆಸರು ಎತ್ತಬೇಡಿ, ಅವರು ಎತ್ತಿದರೆ ಬರೆದುಕೊಳ್ಳಿ. ಯಾವ ಸ್ಥಾನ ಯಾವ ವರ್ಗಕ್ಕೆ ಮೀಸಲಾಗಿದೆ, ಕಳೆದ ಬಾರಿ ಯಾವುದಕ್ಕಿತ್ತು ಎಂಬುದನ್ನು ನೋಡಿಕೊಂಡಿರಿ. ಒಟ್ಟು ಸ್ಥಾನಗಳಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ, ಗೆದ್ದ ಸದಸ್ಯರು ಆರಿಸುತ್ತಾರೆ, ಹೀಗಾಗಿ "ಅಧ್ಯಕ್ಷರು ಯಾರಾಗ್ಬೇಕು?" ಎಂದು ಮತದಾರರನ್ನು ಕೇಳುವುದೂ ಮಾತನ್ನು ದಾರಿ ತಪ್ಪಿಸುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಪಂಚಾಯಿತಿಯ ಕೆಲಸ ಯಾವುದು, ಯಾವುದು ಅಲ್ಲ ಎಂಬ ತಿಳಿವಳಿಕೆ. ಕುಡಿಯುವ ನೀರು, ಬೀದಿ ದೀಪ, ಚರಂಡಿ, ಊರೊಳಗಿನ ರಸ್ತೆ, ಕಸ ವಿಲೇವಾರಿ, ಮನೆ ಕಂದಾಯ, ಇ-ಸ್ವತ್ತು (ಮನೆ, ನಿವೇಶನಗಳ ಗಣಕೀಕೃತ ದಾಖಲೆ), ಉದ್ಯೋಗ ಖಾತರಿ ಕೆಲಸ, ವಸತಿ ಯೋಜನೆಗೆ ಫಲಾನುಭವಿಗಳ ಆಯ್ಕೆ ಇವು ಪಂಚಾಯಿತಿಯ ಕಚೇರಿಗೆ ಬರುತ್ತವೆ. ಪಹಣಿ, ಪೋಡಿ (ಜಮೀನನ್ನು ಅಳೆದು ಹಿಸ್ಸೆ ಬೇರ್ಪಡಿಸುವುದು), ವೃದ್ಧಾಪ್ಯ ವೇತನ ಕಂದಾಯ ಇಲಾಖೆಯವು. ಪಡಿತರ ಚೀಟಿ ಆಹಾರ ಇಲಾಖೆಯದು. ಹಳ್ಳಿಯ ಮತದಾರರಿಗೆ ಈ ಗಡಿಗಳು ಬೇಕಾಗಿಲ್ಲ, ಅವರಿಗೆ ಎಲ್ಲವೂ "ಸರ್ಕಾರ". ಅವರು ಸದಸ್ಯರ ಮೇಲೆ ಹೊರಿಸುವ ತಪ್ಪಿನಲ್ಲಿ ಅರ್ಧ ತಾಲ್ಲೂಕು ಕಚೇರಿಯದಾಗಿರಬಹುದು. ಆದರೆ ಬರೆಯುವ ನಿಮಗೆ ಈ ಗಡಿ ಗೊತ್ತಿಲ್ಲದಿದ್ದರೆ ಒಬ್ಬ ಸದಸ್ಯೆಯ ಐದು ವರ್ಷದ ದುಡಿಮೆಗೆ ಅನ್ಯಾಯ ಮಾಡಿಬಿಡುತ್ತೀರಿ. ಮತದಾರರ ಪಟ್ಟಿ, ಹಿಂದಿನ ಗ್ರಾಮ ಸಭೆಗಳ ನಡವಳಿ, ವಾರ್ಷಿಕ ಕ್ರಿಯಾ ಯೋಜನೆ ಈ ಮೂರನ್ನು ಪಂಚಾಯಿತಿ ಕಚೇರಿಯಲ್ಲಿ ಮೊದಲೇ ನೋಡಿಕೊಂಡರೆ, ಜನ ಹೇಳುವ ಮಾತು ಎಲ್ಲಿ ಕೂರುತ್ತದೆ ಎಂಬುದು ಆಮೇಲೆ ತಾನಾಗಿಯೇ ತಿಳಿಯುತ್ತದೆ. ಕೊಡಲು ಹಿಂದೆಮುಂದೆ ನೋಡಿದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಲು ಸಮಯವಿಟ್ಟುಕೊಂಡು ಒಂದೆರಡು ತಿಂಗಳು ಮುಂಚೆಯೇ ಕೇಳಿ.

ಎಲ್ಲಿ, ಯಾವ ಹೊತ್ತಿನಲ್ಲಿ

ಬಸ್ಸಿನಿಂದ ಇಳಿದವರಿಗೆ ಮೊದಲು ಸಿಗುವುದು ಹೋಟೆಲು ಮತ್ತು ಅರಳಿಕಟ್ಟೆ. ಅಲ್ಲಿ ಕುಳಿತವರು ಹಿಂದಿನ ಚುನಾವಣೆಯಲ್ಲೂ ಮಾತನಾಡಿದವರು, ಮುಂದಿನದರಲ್ಲೂ ಮಾತನಾಡುವವರು. ಅವರ ಮಾತು ಬೇಡವೆಂದಲ್ಲ. ಅದನ್ನು ಮೊದಲು ಕೇಳಿದರೆ ಉಳಿದೆಲ್ಲ ಮಾತುಗಳನ್ನೂ ಅದರ ಕನ್ನಡಿಯಲ್ಲೇ ನೋಡುವ ಅಪಾಯವಿದೆ. ಅಲ್ಲದೆ ನೀವು ಕಟ್ಟೆಯ ಮೇಲೆ ಯಾರ ಪಕ್ಕ ಕುಳಿತಿರಿ ಎಂಬ ಸುದ್ದಿ ನಿಮಗಿಂತ ಮುಂಚೆ ಊರ ಕೊನೆಯ ಮನೆಗೆ ತಲುಪಿರುತ್ತದೆ. ನಾನು ಈಗ ಹಿಡಿಯುವ ಕ್ರಮ ತಿರುಗಾಮುರುಗಾ: ಮೊದಲು ಕಾಲೋನಿ, ಅಂದರೆ ದಲಿತರ ಕೇರಿ, ಆಮೇಲೆ ಗೊಲ್ಲರಹಟ್ಟಿ ಅಥವಾ ತಾಂಡಾ ಇದ್ದರೆ ಅದು, ಆಮೇಲೆ ಊರ ಬೀದಿ, ಕೊನೆಗೆ ಕಟ್ಟೆ. ಕಾಲೋನಿಯ ಮನೆಯಲ್ಲಿ ನೀರು ಕೊಟ್ಟರೆ ಕುಡಿಯಿರಿ, ಕಾಫಿ ಕೊಟ್ಟರೆ ಕುಡಿಯಿರಿ. ಅಲ್ಲಿ "ಈಗ್ಲೇ ಆಯ್ತು, ಬೇಡ" ಎಂದು ಬಂದವರು ಮೇಲಿನ ಬೀದಿಯಲ್ಲಿ ಲೋಟ ಹಿಡಿದು ಕುಳಿತದ್ದನ್ನು ಯಾರೂ ಎದುರಿಗೆ ಆಡಿ ತೋರಿಸುವುದಿಲ್ಲ, ಆದರೆ ಆ ಕ್ಷಣದಿಂದ ನಿಮಗೆ ಸಿಗುವುದು ಒಣ ಉತ್ತರಗಳು ಮಾತ್ರ.

ಹೊತ್ತಿನ ವಿಷಯದಲ್ಲಿ ಊರಿನ ದಿನಚರಿಯನ್ನು ಅನುಸರಿಸಬೇಕು. ಬೆಳಿಗ್ಗೆ ಮತ್ತು ಸಂಜೆ ಹಾಲಿನ ಡೇರಿ, ನಲ್ಲಿಯಲ್ಲಿ ನೀರು ಬಿಡುವ ಸಮಯ, ನ್ಯಾಯಬೆಲೆ ಅಂಗಡಿಯ ಸಾಲು, ಹಿಟ್ಟಿನ ಗಿರಣಿ, ಸ್ವಸಹಾಯ ಸಂಘದ ವಾರದ ಸಭೆ ಮುಗಿಯುವ ವೇಳೆ, ಇವೆಲ್ಲ ಜನ ಕಾಯುತ್ತ ನಿಂತಿರುವ ಜಾಗಗಳು. ಕಾಯುವವರು ಮಾತನಾಡುತ್ತಾರೆ. 2020ರಲ್ಲಿ ಮತದಾನ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ನಡೆಯಿತು. ನಮ್ಮ ಕಡೆ ಅದು ರಾಗಿ ಒಕ್ಕಣೆಯ ಕಾಲ. ಕಣದಲ್ಲಿ ದುಡಿಯುತ್ತಿದ್ದವರನ್ನು ನಿಲ್ಲಿಸಿ ಪ್ರಶ್ನೆ ಕೇಳಿದವರಿಗೆ ಸಿಕ್ಕಿದ್ದು "ಆಮ್ಯಾಕೆ ಬನ್ನಿ" ಎಂಬ ಒಂದೇ ಉತ್ತರ. ಅದೇ ಜನ ಸಂಜೆ ಡೇರಿಯ ಮುಂದೆ ಕ್ಯಾನು ಇಟ್ಟುಕೊಂಡು ನಿಂತಾಗ, ಕೇಳದಿದ್ದರೂ ತಾವಾಗಿಯೇ ಹೇಳಿದರು.

ಮೊದಲ ಮಾತು

ನೀವು ಯಾರು, ಎಲ್ಲಿಂದ ಬಂದಿರಿ, ಕೇಳಿದ್ದನ್ನು ಏನು ಮಾಡುತ್ತೀರಿ, ಇವು ಮೂರನ್ನು ಕೇಳುವ ಮೊದಲೇ ಹೇಳಿಬಿಡಿ. "ಯಾರ ಕಡೆಯೋರು?" ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ "ಯಾರ ಕಡೆಯೂ ಅಲ್ಲ" ಎಂಬ ಉತ್ತರ ಸಾಲದು, ಏಕೆಂದರೆ ಚುನಾವಣೆಯ ಕಾಲದಲ್ಲಿ ಯಾರ ಕಡೆಯೂ ಅಲ್ಲದ ಮನುಷ್ಯ ಹಳ್ಳಿಗೆ ಬರುತ್ತಾನೆಂದು ಜನ ನಂಬುವುದಿಲ್ಲ. ಯಾವ ಪತ್ರಿಕೆಗೆ, ಯಾವ ಕಾಲೇಜಿಗೆ, ಯಾವ ಕೆಲಸಕ್ಕೆ ಎಂದು ಬಿಡಿಸಿ ಹೇಳಿ. ಆ ಊರಿನಲ್ಲಿ ನಿಮ್ಮ ನೆಂಟರಿದ್ದರೆ ಅದನ್ನೂ ಹೇಳಿ, ಮುಚ್ಚಿಟ್ಟರೆ ಸಂಜೆಯೊಳಗೆ ತಿಳಿಯುತ್ತದೆ. ನಿಮ್ಮ ಜಾತಿ ಕೇಳುವವರೂ ಇರುತ್ತಾರೆ. ನಾನು ನೇರವಾಗಿ ಉತ್ತರಿಸದೆ, "ನನ್ನ ಜಾತಿ ತಿಳ್ಕೊಂಡು ನೀವು ಹೇಳೋ ಮಾತು ಬದಲಾಗಬಾರದು, ಅದಕ್ಕೇ ಹೇಳ್ತಿಲ್ಲ, ಬೇಜಾರು ಮಾಡ್ಕೋಬೇಡಿ" ಎನ್ನುತ್ತೇನೆ. ಹೆಚ್ಚಿನವರು ಇದನ್ನು ಒಪ್ಪಿಕೊಳ್ಳುತ್ತಾರೆ.

ಸಂಬೋಧನೆಯಲ್ಲಿ ಎಚ್ಚರ ಬೇಕು. ನಮ್ಮ ಭಾಗದಲ್ಲಿ ಪಟ್ಟಣದಿಂದ ಬಂದವರು ಎದುರಿಗೆ ಸಿಕ್ಕ ಹಿರಿಯರನ್ನೆಲ್ಲ "ಗೌಡ್ರೇ" ಎಂದುಬಿಡುತ್ತಾರೆ. ಗೌಡರಲ್ಲದವರಿಗೆ ಅದು ಮುಜುಗರ, ಪಕ್ಕದಲ್ಲಿ ಗೌಡರಿದ್ದರೆ ಇನ್ನೂ ಮುಜುಗರ. ಅಜ್ಜಿ, ತಾತ, ಅಣ್ಣ, ಅಕ್ಕ, ತಾಯಿ, ಯಜಮಾನ್ರು ಇವು ಎಲ್ಲ ಬೀದಿಗಳಲ್ಲೂ ನಡೆಯುತ್ತವೆ. ಕಾಲೋನಿಯ ಹಿರಿಯರಿಗೂ ಮೇಲಿನ ಬೀದಿಯ ಹಿರಿಯರಿಗೂ ಒಂದೇ ಬಹುವಚನ ಇರಲಿ. ಮನೆಯಲ್ಲಿ ತೆಲುಗು, ಲಂಬಾಣಿ, ಉರ್ದು ಆಡುವವರು ಕನ್ನಡದಲ್ಲಿ ನಿಮಗೆ ಉತ್ತರ ಕೊಡಬಲ್ಲರು, ಆದರೆ ಕೋಪ ಮತ್ತು ನೋವು ಬರುವುದು ಮನೆಮಾತಿನಲ್ಲೇ. ಸಾಧ್ಯವಾದರೆ ಆ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಆ ಜೊತೆಗಾರ ಯಾವ ಅಭ್ಯರ್ಥಿಯ ಕಡೆಯವನೂ ಆಗಿರಬಾರದು.

ಪ್ರಶ್ನೆಗಳು

ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಒಂದಿದೆ: "ನಿಮ್ಮ ಬೀದಿ ದೀಪ ಕೊನೇ ಸಲ ಕೆಟ್ಟಾಗ ಯಾರಿಗೆ ಹೇಳಿದ್ರಿ, ಎಷ್ಟು ದಿನಕ್ಕೆ ಸರಿಯಾಯ್ತು?" ದೀಪದ ಬದಲು ನೀರು, ಚರಂಡಿ, ಖಾತೆ ಯಾವುದಾದರೂ ಆಗಬಹುದು. ಈ ಪ್ರಶ್ನೆಗೆ ಹೆದರಿಕೊಳ್ಳಬೇಕಾದದ್ದು ಏನೂ ಇಲ್ಲ, ನೆನಪು ಮಾಡಿಕೊಂಡರೆ ಸಾಕು, ಆದ್ದರಿಂದ ಬಾಯಿ ತೆರೆಯುತ್ತದೆ. ಉತ್ತರದಲ್ಲಿ ಒಂದು ಹೆಸರು ಬರುತ್ತದೆ. ಆ ಹೆಸರು ಸದಸ್ಯರದೇ ಆಗಿರಬೇಕೆಂದಿಲ್ಲ. ಅನೇಕ ಬಾರಿ ಅದು ನೀರು ಬಿಡುವ ವಾಟರ್‌ಮ್ಯಾನ್, ಬಿಲ್ ಕಲೆಕ್ಟರ್, ಸದಸ್ಯೆಯ ಗಂಡ, ಸೋತ ಅಭ್ಯರ್ಥಿ, ಅಥವಾ ಬೆಂಗಳೂರಿನಲ್ಲಿದ್ದುಕೊಂಡು ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಫೋನು ಮಾಡುವ ಊರಿನ ಹುಡುಗ. ಹತ್ತು ಮನೆಗಳಲ್ಲಿ ಇದೇ ಪ್ರಶ್ನೆ ಕೇಳಿ, ಹತ್ತು ಹೆಸರುಗಳನ್ನು ಸಾಲಾಗಿ ಬರೆದು ನೋಡಿದರೆ ಊರಿನಲ್ಲಿ ಅಧಿಕಾರ ನಿಜಕ್ಕೂ ಯಾರ ಅಂಗಳದಲ್ಲಿದೆ ಎಂಬುದು ಕಾಣುತ್ತದೆ. ಯಾರ ಬಾಯಲ್ಲೂ ಹೆಸರೇ ಬರದ ಬೀದಿಯೊಂದು ಪ್ರತಿ ಊರಿನಲ್ಲೂ ಇರುತ್ತದೆ. ಅಲ್ಲಿ ಇನ್ನೊಂದು ದಿನ ಕಳೆಯಬೇಕು.

2020ರ ಡಿಸೆಂಬರಿನ ಒಂದು ಬೆಳಿಗ್ಗೆ ನೆನಪಿದೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ಸಿಸ್ಟರ್ನಿನ ಪಕ್ಕದ ನಲ್ಲಿಯ ಬಳಿ ಹದಿನೈದಿಪ್ಪತ್ತು ಪ್ಲಾಸ್ಟಿಕ್ ಬಿಂದಿಗೆಗಳು ಸಾಲಾಗಿ ನಿಂತಿದ್ದವು, ಜನ ಮೂವರೇ ಇದ್ದರು. ಉಳಿದವರ ಪರವಾಗಿ ಬಿಂದಿಗೆಗಳೇ ಸಾಲಿನಲ್ಲಿ ನಿಂತಿದ್ದವು. ಕಾಲು ಚಾಚಿಕೊಂಡು ಕಲ್ಲಿನ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರ ಬಿಂದಿಗೆಗೆ ಕಂಠದ ಕೆಳಗೆ ಸೀಳು ಬಿಟ್ಟು, ಅದಕ್ಕೆ ಬೇರೆ ಬಣ್ಣದ ಪ್ಲಾಸ್ಟಿಕ್ ಕರಗಿಸಿ ಮೆತ್ತಿತ್ತು. ನಾನು ಚುನಾವಣೆಯ ಮಾತೆತ್ತಲಿಲ್ಲ.

"ಅಜ್ಜಿ, ನೀರು ಎಷ್ಟು ದಿನಕ್ಕೊಂದ್ಸಲ ಬರ್ತದೆ?"

"ಬರೋ ದಿನ ಬತ್ತದೆ ಕಣಪ್ಪಾ."

"ಹೋದ ಸಲ ಯಾವಾಗ ಬಂದಿತ್ತು?"

ಅವರು ಬೆರಳು ಮಡಿಸಿದರು. "ಸೋಮಾರ ಬಂತು. ಮಂಗ್ಳಾರ ಇಲ್ಲ, ಬುಧ್ವಾರ ಇಲ್ಲ. ಬೇಸ್ತ್ವಾರ ಆ ಹುಡ್ಗನ್ ಮನೆ ತಂಕ ಹೋಗಿ ಕೂಗ್ದೆ. ಅವ್ನು ಮೋಟ್ರು ಸುಟ್ಟೈತೆ ಅಂದ. ಮೋಟ್ರು ಸುಟ್ಟಿದ್ರೆ ಆ ಬೀದಿಗೆ ಎಂಗೆ ಬಂತು ಅಂದೆ. ಸುಮ್ನಾದ."

ಮೊದಲ ಪ್ರಶ್ನೆಗೆ ಸಿಕ್ಕಿದ್ದು ಗಾದೆಯಂಥ ಮಾತು, ಎರಡನೆಯದಕ್ಕೆ ಸಿಕ್ಕಿದ್ದು ನಾಲ್ಕು ದಿನಗಳ ಲೆಕ್ಕ, ಎರಡು ಬೀದಿಗಳ ನಡುವಿನ ವ್ಯತ್ಯಾಸ ಮತ್ತು ಒಬ್ಬ ಮನುಷ್ಯನ ಮೌನ. "ಎಷ್ಟು ದಿನಕ್ಕೊಮ್ಮೆ", "ಸಾಮಾನ್ಯವಾಗಿ", "ನಿಮ್ಮ ಅಭಿಪ್ರಾಯವೇನು" ಎಂದು ಕೇಳಿದಷ್ಟೂ ಉತ್ತರ ತೇಲುತ್ತದೆ. "ಹೋದ ಸಲ", "ಯಾವ ದಿನ", "ಆಮೇಲೆ ಏನಾಯ್ತು" ಎಂದು ಕೇಳಿದಾಗ ಅದು ನೆಲಕ್ಕಿಳಿಯುತ್ತದೆ. ಆ ಅಜ್ಜಿ ಮಾತು ಮುಗಿಸಿ, ಬಿಂದಿಗೆ ಎತ್ತುವ ಮೊದಲು ತಾವಾಗಿಯೇ ಒಂದು ಮಾತು ಸೇರಿಸಿದರು: "ಒಂದ್ ಓಟು ಯಾರಿಗ್ ಆಕ್ಬೇಕು ಅಂತ ನಂಗೆ ಬೇಸ್ತ್ವಾರವೇ ಗೊತ್ತಾಯ್ತು." ನಾನು ಯಾರಿಗೆಂದು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಮತ ಯಾರಿಗೆಂದು ಕೇಳಬಾರದೆನ್ನುವುದಕ್ಕೆ ಗುಟ್ಟಿನ ಮತದಾನದ ಗೌರವ ಒಂದು ಕಾರಣವಾದರೆ, ಇನ್ನೊಂದು ಕಾರಣ ಲೆಕ್ಕದ್ದು. ವಿಧಾನಸಭೆಯ ಕ್ಷೇತ್ರದಲ್ಲಿ ಒಬ್ಬರು ಹೇಳಿದ ಮಾತು ಲಕ್ಷಾಂತರ ಮತಗಳಲ್ಲಿ ಕಳೆದುಹೋಗುತ್ತದೆ. ಪಂಚಾಯಿತಿ ವಾರ್ಡಿನಲ್ಲಿ ಕೆಲವೇ ನೂರು ಮತಗಳಿರುತ್ತವೆ, ಗೆಲುವು ಬೆರಳೆಣಿಕೆಯ ಅಂತರದಲ್ಲಿ ಆಗಬಹುದು, ಮತ ಸಮಸಮ ಬಂದು ಚೀಟಿ ಎತ್ತಿ ತೀರ್ಮಾನಿಸುವುದೂ ಉಂಟು. ಅಂಥಲ್ಲಿ ಅಭ್ಯರ್ಥಿಯ ಕಡೆಯವರು ಮತದಾರರ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿ ಹೆಸರಿನ ಎದುರು ಗುರುತು ಹಾಕಿರುತ್ತಾರೆ. ನಿಮ್ಮ ನೋಟ್‌ಬುಕ್ಕಿನ ಒಂದು ಸಾಲು ಆ ಗುರುತನ್ನು ಅಳಿಸಿ ಬೇರೆ ಗುರುತು ಹಾಕಿಸಬಲ್ಲದು.

ಉತ್ತರಗಳನ್ನು ಕೇಳುವುದಕ್ಕೂ ಅಭ್ಯಾಸ ಬೇಕು. "ನೋಡಾಣ" ಎಂದರೆ ಇನ್ನೂ ತೀರ್ಮಾನಿಸಿಲ್ಲ ಎಂದಲ್ಲ, ನಿಮಗೆ ಹೇಳುವುದಿಲ್ಲ ಎಂದು. "ದೊಡ್ಡೋರು ಹೇಳ್ದಂಗೆ" ಎಂದರೆ ಆ ಮನೆಯಲ್ಲಿ ಅಥವಾ ಕೇರಿಯಲ್ಲಿ ಮಾತುಕತೆ ನಡೆದಿದೆ ಎಂದು. ಆಗ ಆ ಮಾತುಕತೆ ಎಲ್ಲಿ ನಡೆಯಿತು, ಯಾರೆಲ್ಲ ಕುಳಿತಿದ್ದರು ಎಂದು ಕೇಳಬಹುದು. ಒಬ್ಬರು ಸುಮ್ಮನಾದರೆ ಕೂಡಲೇ ಮುಂದಿನ ಪ್ರಶ್ನೆ ಎಸೆಯಬೇಡಿ. ಹಳ್ಳಿಯ ಮಾತಿನಲ್ಲಿ ಮೌನಕ್ಕೆ ಜಾಗವಿದೆ, ಅರ್ಧ ನಿಮಿಷ ಕಳೆದ ಮೇಲೆ ಬರುವ ವಾಕ್ಯವೇ ಅನೇಕ ಸಲ ಬರೆದುಕೊಳ್ಳಬೇಕಾದ ವಾಕ್ಯ.

ಹೆಂಗಸರ ಜೊತೆ

ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದರೂ ಪ್ರಚಾರದ ಬ್ಯಾನರಿನಲ್ಲಿ ಗಂಡನ ಫೋಟೊ ದೊಡ್ಡದಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಮತದಾರರ ಮನೆಯಲ್ಲೂ ಇದೇ ನಡೆಯುತ್ತದೆ: ನೀವು ಅಕ್ಕನನ್ನು ಕೇಳಿದರೆ ಅಣ್ಣ ಉತ್ತರಿಸುತ್ತಾರೆ, "ನಮ್ಮನೆಯೋರ್ನೇ ಕೇಳಿ" ಎಂದು ಅಕ್ಕನೂ ಒಳಗೆ ಹೋಗುತ್ತಾರೆ. ಇದಕ್ಕೆ ಗಂಡನೊಡನೆ ವಾದ ಮಾಡಿ ಫಲವಿಲ್ಲ. ತಂಡದಲ್ಲಿ ಒಬ್ಬ ಹೆಣ್ಣುಮಗಳಾದರೂ ಇರಬೇಕು. ಅವರು ಹಿತ್ತಿಲಿಗೆ, ಅಡುಗೆಮನೆಯ ಬಾಗಿಲಿಗೆ, ಸಂಘದ ಸಭೆಗೆ ಹೋಗಬಲ್ಲರು. ನನ್ನ ಜೊತೆಗಿದ್ದ ಸಹೋದ್ಯೋಗಿ ಒಮ್ಮೆ ಜಗುಲಿಯ ಮೇಲೆ ಅವರೆಕಾಯಿ ರಾಶಿ ಹಾಕಿಕೊಂಡು ಕುಳಿತಿದ್ದ ನಾಲ್ವರ ನಡುವೆ ಹೋಗಿ ಕುಳಿತು, ಏನೂ ಕೇಳದೆ ಕಾಯಿ ಸುಲಿಯತೊಡಗಿದರು. ಒಂದು ಮೊರ ತುಂಬುವವರೆಗೆ ಸೊಗಡಿನ ಮಾತು, ಸೊಸೆಯ ಬಾಣಂತನದ ಮಾತು ನಡೆಯಿತು. ಎರಡನೆಯ ಮೊರಕ್ಕೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಿಲ್ಲು ಆಗಿಲ್ಲವೆಂಬ ಮಾತು ಬಂತು. ಮೂರನೆಯದರಲ್ಲಿ ಒಬ್ಬಾಕೆ, ತಾನು ಎರಡು ಗ್ರಾಮ ಸಭೆಗಳಿಗೆ ಹೋಗಿದ್ದೆ, ಎರಡರಲ್ಲೂ ಕೈ ಎತ್ತಿದ್ದೆ, ಮೈಕು ತನ್ನವರೆಗೆ ಬರಲಿಲ್ಲ ಎಂದರು. ಅದೇ ಹೊತ್ತಿನಲ್ಲಿ ನಾನು ಪಡಸಾಲೆಯಲ್ಲಿ ಆಕೆಯ ಗಂಡನಿಂದ ಊರಿನ ಅಭಿವೃದ್ಧಿಯ ವಿವರಣೆ ಪಡೆಯುತ್ತಿದ್ದೆ, ಅದರಲ್ಲಿ ಮೈಕಿನ ಸುದ್ದಿ ಇರಲಿಲ್ಲ.

ದುಡ್ಡು, ಹರಾಜು, ಅವಿರೋಧ

ಮತಕ್ಕಾಗಿ ದುಡ್ಡು ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಅಪರಾಧ. ಆದ್ದರಿಂದ "ಎಷ್ಟು ಕೊಟ್ರು?" ಎಂದು ನಾಲ್ಕು ಜನರೆದುರು ಕೇಳುವವರು ಆ ಮನುಷ್ಯನಿಂದ ತಪ್ಪೊಪ್ಪಿಗೆ ಕೇಳುತ್ತಿದ್ದಾರೆ ಎಂಬುದನ್ನು ಮರೆಯಬಾರದು. ನಾನು ಕೇಳುವುದು ಹೀಗೆ: "ಈ ಊರಲ್ಲಿ ಒಬ್ರು ಮೆಂಬರ್ ಆಗ್ಬೇಕು ಅಂದ್ರೆ ಎಷ್ಟು ಖರ್ಚಾಗ್ಬೋದು?" ಇದು ಯಾರನ್ನೂ ಬೆರಳಿಟ್ಟು ತೋರಿಸುವುದಿಲ್ಲ, ಮತ್ತು ಕೂಲಿ ಮಾಡುವವರು ಏಕೆ ನಿಲ್ಲಲಾರರು ಎಂಬ ದೊಡ್ಡ ಮಾತಿಗೆ ಅದು ತಾನಾಗಿಯೇ ಹಾದಿ ಮಾಡಿಕೊಡುತ್ತದೆ.

ಸದಸ್ಯ ಸ್ಥಾನವನ್ನು ದೇವಸ್ಥಾನದ ಹೆಸರಿನಲ್ಲಿ ಹರಾಜು ಹಾಕಿದ ಸುದ್ದಿಗಳು 2020ರಲ್ಲಿ ರಾಜ್ಯದ ಕೆಲವೆಡೆಯಿಂದ ಬಂದಿದ್ದವು, ರಾಜ್ಯ ಚುನಾವಣಾ ಆಯೋಗವೂ ಎಚ್ಚರಿಕೆ ಕೊಟ್ಟಿತ್ತು. ಅಂಥ ಊರಿನಲ್ಲಿ, ಅಥವಾ ಎಲ್ಲರೂ ಅವಿರೋಧವಾಗಿ ಆಯ್ಕೆಯಾದ ಊರಿನಲ್ಲಿ, ಮಾತನಾಡಿಸಲು ಏನೂ ಉಳಿದಿಲ್ಲವೆಂದು ವಾಪಸು ಬರಬೇಡಿ. ಅವಿರೋಧವೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಹಳೆಯ ಜಗಳ ಮರುಕಳಿಸಬಾರದೆಂದು ಹಿರಿಯರು ಕುಳಿತು ಮಾತನಾಡಿದ ಊರುಗಳನ್ನೂ ಕಂಡಿದ್ದೇನೆ. ಆದರೆ ಆ ತೀರ್ಮಾನವಾದ ರಾತ್ರಿ ಯಾರೆಲ್ಲ ಬಂದಿದ್ದರು, ಕಾಲೋನಿಯಿಂದ ಯಾರನ್ನು ಕರೆದಿದ್ದರು, ಹೆಂಗಸರಿದ್ದರೇ, ನಿಲ್ಲಬೇಕೆಂದುಕೊಂಡು ಆಮೇಲೆ ಹಿಂದೆ ಸರಿದವರು ಯಾರು, ಅವರಿಗೆ ಯಾರು ಏನು ಹೇಳಿದರು ಎಂದು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಲೇಬೇಕು. ಮತ ಹಾಕುವ ದಿನವೇ ಇಲ್ಲದೆ ಹೋದ ಮತದಾರರ ಮಾತು ಬೇರೆಲ್ಲೂ ದಾಖಲಾಗುವುದಿಲ್ಲ.

ನೀವು ಕೊಡಬಹುದಾದದ್ದು

ಮಾತು ಮುಗಿಯುವ ಹೊತ್ತಿಗೆ ಯಾರಾದರೂ ಒಂದು ಪ್ಲಾಸ್ಟಿಕ್ ಕವರು ತಂದು, ಅದರೊಳಗಿನ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕು, ಹಳೆಯ ಅರ್ಜಿಗಳನ್ನು ನಿಮ್ಮ ಮುಂದೆ ಹರಡುತ್ತಾರೆ. ಮಾಡಿಸಿಕೊಡುತ್ತೇನೆ ಎಂದು ಬಾಯಿ ತಪ್ಪಿಯೂ ಹೇಳಬೇಡಿ. ಹಾಗೆ ಹೇಳಿದವರು ಅಭ್ಯರ್ಥಿಗಳ ಸಾಲಿಗೆ ಸೇರಿಬಿಡುತ್ತಾರೆ. ಆದರೆ ಪಿಂಚಣಿಯ ಅರ್ಜಿಗೆ ನಾಡಕಚೇರಿಗೆ ಹೋಗಬೇಕು, ಇ-ಸ್ವತ್ತಿಗೆ ಪಂಚಾಯಿತಿಯಲ್ಲೇ ಕೇಳಬೇಕು, ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯಬೇಕು ಎಂದು ಹೇಳಿ ಬರುವುದು ಮನುಷ್ಯರಾದವರ ಕರ್ತವ್ಯ. ಮತದಾನದ ವಿಧಾನದ ಬಗ್ಗೆ ಕೇಳಿದರೆ, ಮಾತೆಲ್ಲ ಮುಗಿದ ಮೇಲೆ, ನಿಯಮವನ್ನಷ್ಟೇ ಹೇಳಿ: ಎಷ್ಟು ಸ್ಥಾನವೋ ಅಷ್ಟು ಮತ, ಕಡಿಮೆ ಹಾಕಿದರೂ ನಡೆಯುತ್ತದೆ, ಹೆಚ್ಚು ಮುದ್ರೆ ಒತ್ತಿದರೆ ಮತಪತ್ರ ತಿರಸ್ಕೃತವಾಗುತ್ತದೆ. 2020ರಲ್ಲಿ ಬೀದರ್ ಜಿಲ್ಲೆಯಲ್ಲಿ ಮತಯಂತ್ರ, ಉಳಿದೆಡೆ ಮತಪತ್ರ ಬಳಸಿದ್ದರಿಂದ "ಬಟನ್ ಒತ್ತೋದಾ, ಸೀಲ್ ಹೊಡೆಯೋದಾ?" ಎಂದು ಕೇಳಿದ ಹಿರಿಯರು ನನಗೆ ಎಷ್ಟೋ ಮಂದಿ ಸಿಕ್ಕಿದ್ದರು. ಇದನ್ನು ಹೇಳುವಾಗ ಉದಾಹರಣೆಗೆಂದೂ ಯಾವ ಅಭ್ಯರ್ಥಿಯ ಚಿಹ್ನೆಯನ್ನೂ ಬಳಸಬೇಡಿ.

ಬರೆಯುವಾಗ

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. ಮೊದಲ ಬಾರಿ ಈ ಕೆಲಸಕ್ಕೆ ಹೋದಾಗ ಒಬ್ಬರು ತಮ್ಮ ಬೀದಿಯ ಚರಂಡಿ ಕಾಮಗಾರಿಯ ಬಗ್ಗೆ ಹೇಳಿದ್ದನ್ನು ಹೆಸರು ಹಾಕದೆ ಬರೆದೆ. ಹೆಸರಿಲ್ಲ, ಆದ್ದರಿಂದ ತೊಂದರೆಯಿಲ್ಲ ಎಂದುಕೊಂಡಿದ್ದೆ. ಆದರೆ "ದೇವಸ್ಥಾನದ ಹಿಂದಿನ ಬೀದಿಯ, ಬಟ್ಟೆ ಹೊಲಿಯುವ ಒಬ್ಬರು" ಎಂದು ಬರೆದಿದ್ದೆ. ಆ ಬೀದಿಯಲ್ಲಿ ಬಟ್ಟೆ ಹೊಲಿಯುವವರು ಒಬ್ಬರೇ ಇದ್ದರು. ಚುನಾವಣೆ ಮುಗಿದ ಮೇಲೆ ಅವರ ಮನೆಯ ಖಾತೆಯ ಕಡತ ಎಷ್ಟು ತಿಂಗಳು ಮೇಲೇಳಲಿಲ್ಲ ಎಂಬುದನ್ನು ಅವರೇ ನನಗೆ ಹೇಳಿದರು, ಸಿಟ್ಟಿಲ್ಲದೆ ಹೇಳಿದರು, ಅದು ನನಗೆ ಹೆಚ್ಚು ಕಷ್ಟವಾಯಿತು. ಅಂದಿನಿಂದ ಕಸುಬು, ಬೀದಿ, ವಯಸ್ಸು ಇವುಗಳಲ್ಲಿ ಯಾವ ಎರಡು ಸೇರಿದರೂ ಮನುಷ್ಯನ ಗುರುತು ಸಿಗುತ್ತದೆಯೇ ಎಂದು ಪ್ರತಿ ವಾಕ್ಯವನ್ನೂ ಆ ಊರಿನವರ ಕಣ್ಣಿನಿಂದ ಓದಿ ನೋಡುತ್ತೇನೆ. ಅನುಮಾನ ಬಂದರೆ ಊರಿನ ಹೆಸರನ್ನೇ ಬಿಡುತ್ತೇನೆ. ಒಳ್ಳೆಯ ವಾಕ್ಯವೊಂದು ಕೈತಪ್ಪಿದರೂ ಚಿಂತೆಯಿಲ್ಲ.

ಫೋನಿನಲ್ಲಿ ಧ್ವನಿ ಮುದ್ರಿಸುವುದಾದರೆ ಕೇಳಿಯೇ ಮುದ್ರಿಸಿ; ಫೋಟೊ ತೆಗೆಯುವುದಾದರೆ ಹಿಂದೆ ಯಾರ ಮನೆಯ ಬಾಗಿಲು ಕಾಣುತ್ತದೆಂದು ನೋಡಿಕೊಳ್ಳಿ. ಮೂವತ್ತು ಜನರನ್ನು ಮಾತನಾಡಿಸಿ ಗಾಳಿ ಯಾರ ಕಡೆಗಿದೆ ಎಂದು ಬರೆಯುವ ಆಸೆ ಬರುತ್ತದೆ, ಅದನ್ನು ತಡೆಯಬೇಕು. ಎಷ್ಟು ಮನೆಗಳಿಗೆ ಹೋದಿರಿ, ಅದರಲ್ಲಿ ಹೆಂಗಸರೆಷ್ಟು, ಯಾವ ಕೇರಿಗಳಿಗೆ ಹೋಗಲಾಗಲಿಲ್ಲ ಎಂಬುದನ್ನು ಬರಹದಲ್ಲೇ ಹೇಳಿಬಿಟ್ಟರೆ ಓದುವವರು ತೂಕ ಮಾಡಿಕೊಳ್ಳುತ್ತಾರೆ.

ಎಣಿಕೆಯ ನಂತರ

2020ರ ಎಣಿಕೆ ಡಿಸೆಂಬರ್ 30ರಂದು ನಡೆಯಿತು. ಗುಲಾಲಿನ ಬಣ್ಣ ತೊಳೆದುಹೋಗುವ ಮುನ್ನವೇ ಬಹುತೇಕ ಎಲ್ಲರೂ ಹಳ್ಳಿಗಳನ್ನು ಮರೆತರು. ನೀವು ಇನ್ನೊಮ್ಮೆ ಹೋಗಿ. ಬರೆದದ್ದು ಅಚ್ಚಾಗಿದ್ದರೆ ಒಂದು ಪ್ರತಿ ಹಿಡಿದುಕೊಂಡು ಹೋಗಿ, ಓದಲು ಬಾರದವರಿಗೆ ಓದಿ ಹೇಳಿ, ತಪ್ಪಿದ್ದರೆ ಅಲ್ಲೇ ಗುರುತು ಹಾಕಿಕೊಳ್ಳಿ. ವಾರ್ಡ್ ಸಭೆಯೂ ಗ್ರಾಮ ಸಭೆಯೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಆ ದಿನಾಂಕವನ್ನು ಕೇಳಿಕೊಂಡು, ಚುನಾವಣೆಯ ಕಾಲದ ನೋಟ್‌ಬುಕ್ಕನ್ನೇ ಚೀಲದಲ್ಲಿಟ್ಟುಕೊಂಡು, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ನಾನು ಹಾಗೆ ಹೋದ ಒಂದು ಸಭೆಯಲ್ಲಿ ನಲ್ಲಿಯ ಬಳಿಯ ಅಜ್ಜಿ ಬಂದಿದ್ದರು. ಶಾಲೆಯ ಜಗುಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ಕುಡಿಯುವ ನೀರಿನ ವಿಷಯ ಬಂದಾಗ ಪಕ್ಕದ ಹುಡುಗಿಯ ಹೆಗಲು ಹಿಡಿದು ಎದ್ದು ನಿಂತು, ಯಾವ ಯಾವ ದಿನ ನೀರು ಬರಲಿಲ್ಲವೆಂದು ಬೆರಳು ಮಡಿಸು‌ತ್ತ ಹೇಳತೊಡಗಿದರು.